ಹೊಲಿಗೆಯ ಸೂಜಿಯಿಂದ ಮೀನಿನ ಗಾಳ

ಗಾಳವು ಗಂಡುಮಕ್ಕಳ ಸಾಮಾನೆಂದು ಬಗೆಯುವವರೇ ಹೆಚ್ಚು. ಆದರೆ ಗಾಳದ ವಿಷಯವಾಗಿ ಇಂಗ್ಲಿಷಿನಲ್ಲಿ ಮೊದಲು ಅಚ್ಚಾದ ಗ್ರಂಥವು, 1496ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಪ್ರಕಟವಾದುದು, ಬಹುಕಾಲದಿಂದ ಜೂಲಿಯಾನಾ ಬರ್ನರ್ಸ್ ಎಂಬ ಸಂನ್ಯಾಸಿನಿಯ ಹೆಸರಿನಲ್ಲಿ ನಡೆದುಬಂದಿದೆ. ಆಕೆಯೇ ಬರೆದಳೆಂಬುದಕ್ಕೆ ಆಧಾರವು ಸಾಲದು. ಹೇಗೂ ಇರಲಿ, ಕೊಕ್ಕೆಯನ್ನು ಸೂಜಿಯಿಂದ ಮಾಡುವ ಕ್ರಮವು ಅದರಲ್ಲಿ ವಿವರವಾಗಿದೆ. ಸೂಜಿಯ ಕೆಲಸ ಬಲ್ಲವರಿಗೆ ಅದು ಹೊಸದೇನೂ ಅಲ್ಲ. ಅದಕ್ಕೂ ಮುನ್ನೂರಕ್ಕಿಂತ ಹೆಚ್ಚು ವರ್ಷಗಳ ಹಿಂದೆಯೇ ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು ತನ್ನ ಸಂಸ್ಕೃತ ಗ್ರಂಥವಾದ ಮಾನಸೋಲ್ಲಾಸದಲ್ಲಿ ಗಾಳ ಹಾಕುವುದನ್ನು ಅರಸರ ವಿನೋದಗಳಲ್ಲಿ ಸೇರಿಸಿದ್ದನು. ಆದುದರಿಂದ ರಜೆಯ ದಿನಗಳಲ್ಲಿ ತಾಯ್ತಂದೆಗಳು ಮಕ್ಕಳೊಡನೆ ಕುಳಿತು ಒಂದು ಗಾಳವನ್ನು ಮಾಡುವುದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ.

ದಪ್ಪವಾದ ಹೊಲಿಗೆಯ ಸೂಜಿಯೊಂದನ್ನು ಆರಿಸಿಕೊಳ್ಳಬೇಕು. ಅದರ ಕಣ್ಣೇ ದಾರ ಕಟ್ಟುವ ಸ್ಥಳವಾಗುವುದು. ಸೂಜಿಯು ಉಕ್ಕಿನದಾದ್ದರಿಂದ ಹಾಗೆಯೇ ಬಾಗಿಸಹೋದರೆ ಪಟ್ಟನೆ ಮುರಿದು ಚೂರು ಕಣ್ಣಿಗೆ ಹಾರೀತು. ಇಕ್ಕಳದಲ್ಲಿ ಹಿಡಿದು ಇದ್ದಲಿನ ಕೆಂಡದಲ್ಲಿ ಕೆಂಪಗೆ ಕಾಯಿಸಿ, ಬಿಸಿಬೂದಿಯಲ್ಲಿ ಹುಗಿದು ಮೆಲ್ಲನೆ ಆರಲು ಬಿಟ್ಟರೆ ಅದು ಮೆದುವಾಗುವುದು. ಆಗ ಒಂದು ಮೊಳೆಯ ಸುತ್ತ ಬೇಕಾದಂತೆ ಬಾಗಿಸಬಹುದು. ಆದರೆ ಮೆದುವಾದ ಕೊಕ್ಕೆಯನ್ನು ದೊಡ್ಡ ಮೀನು ನೆಟ್ಟಗೆ ಮಾಡಿಬಿಡುವುದು. ಆದಕಾರಣ ಮತ್ತೊಮ್ಮೆ ಕೆಂಪಗೆ ಕಾಯಿಸಿ ಕೂಡಲೇ ತಣ್ಣೀರಿನಲ್ಲಿ ಅದ್ದಬೇಕು. ಈಗ ಅದು ಗಾಜಿನಂತೆ ಗಡಸು, ಗಾಜಿನಂತೆಯೇ ಪೆಡಸು. ಈ ದೋಷವನ್ನು ತೆಗೆಯಲು ಕೊಕ್ಕೆಯನ್ನು ಉಜ್ಜಿ ಹೊಳಪು ಮಾಡಿ, ಬಾಣಲೆಯ ಮರಳಿನ ಮೇಲಿಟ್ಟು ಮೆಲ್ಲನೆ ಕಾಯಿಸಬೇಕು. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಕಡೆಗೆ ನೀಲಿ ಬಣ್ಣ ತೋರುವುದು. ನೀಲಿಯು ಕಂಡೊಡನೆ ತೆಗೆದುಬಿಡಬೇಕು. ಈ ಬಣ್ಣಗಳ ಓಟವನ್ನು ನೋಡುವುದಕ್ಕಾಗಿಯೇ ನಾವು ಅಗತ್ಯಕ್ಕಿಂತ ಹೆಚ್ಚು ಕೊಕ್ಕೆಗಳನ್ನು ಮಾಡಿದ್ದುಂಟು! ಬೆಂಕಿಯ ಕೆಲಸವನ್ನು ಮಾತ್ರ ಹಿರಿಯರೇ ಮಾಡತಕ್ಕದ್ದು.

ಆ ಹಳೆಯ ಗ್ರಂಥವು ಚೂರಿಯಿಂದ ಕೊಕ್ಕೆಗೆ ಹಿಮ್ಮುಳ್ಳನ್ನೆಬ್ಬಿಸಲು ಹೇಳುತ್ತದೆ. ನಾವು ಬೇಡವೆನ್ನುವೆವು. ಬಹಳ ವರ್ಷಗಳ ಹಿಂದೆ ಹೊಳೆಯ ದಂಡೆಯಲ್ಲಿ ನಮ್ಮ ತಂಗಿಯ ಹೆಬ್ಬೆರಳಿಗೆ ಪೇಟೆಯಿಂದ ತಂದ ಕೊಕ್ಕೆ ನಾಟಿತು. ಗಾಬರಿಯಲ್ಲಿ ನಾವು ಅದನ್ನು ಹಿಂದಕ್ಕೆ ಎಳೆದೆವು. ಮುಳ್ಳು ಮಾಂಸವನ್ನು ಹರಿಯಿತು. ಆ ಕಲೆಯು ಇಂದಿಗೂ ಅವಳ ಬೆರಳಿನಲ್ಲಿದೆ. ಅಂಥ ಕೊಕ್ಕೆ ಆಳವಾಗಿ ನಾಟಿದರೆ ಎಳೆಯದೆ ವೈದ್ಯರ ಬಳಿಗೆ ಕರೆದೊಯ್ಯಬೇಕಾಗಿತ್ತೆಂದು ಆಮೇಲೆ ತಿಳಿದೆವು. ಮುಳ್ಳಿಲ್ಲದ ಕೊಕ್ಕೆಯಾದರೋ ಸುಲಭವಾಗಿ ಹೊರಬರುವುದು. ಮರಿಮೀನು ಸಿಕ್ಕಿದರೆ ನೋಯಿಸದೆ ಬಿಡಲೂ ಅನುಕೂಲ. ಮೀನು ತಪ್ಪಿಸಿಕೊಳ್ಳದಂತೆ ದಾರವನ್ನು ಬಿಗಿಯಾಗಿ ಹಿಡಿದರೆ ಸಾಕು.

ದಾರವನ್ನು ಮುಳುಗಿಸಲು ಕಟ್ಟುವ ಸೀಸದ ಗುಂಡನ್ನೂ ನಾವು ಒಪ್ಪುವುದಿಲ್ಲ. ಮಕ್ಕಳು ಅದನ್ನು ಹಲ್ಲಿನಿಂದ ಕಚ್ಚಿ ಬಿಗಿಮಾಡುವರು. ಸೀಸವು ಎಳೆಯ ಮಿದುಳಿಗೆ ವಿಷ. ಇಂಗ್ಲೆಂಡಿನಲ್ಲಿ ಹಂಸಗಳು ಇಂಥ ಗುಂಡುಗಳನ್ನು ನುಂಗಿ ಸಾಯುತ್ತಿದ್ದುದರಿಂದ 1987ರಲ್ಲಿ ಅವುಗಳಲ್ಲಿ ಬಹುಪಾಲಿನ ಮಾರಾಟವನ್ನು ನಿಷೇಧಿಸಲಾಯಿತು. ಒಂದು ಚಿಕ್ಕ ಕಬ್ಬಿಣದ ನಟ್ಟು ಅದೇ ಕೆಲಸವನ್ನು ಮಾಡುವುದು.

ದಾರಕ್ಕೆ ಗಟ್ಟಿ ನೂಲಿನ ಮೂರು ಎಳೆಗಳನ್ನು ಒಂದೊಂದಾಗಿ ಬಲಕ್ಕೆ ಹುರಿಮಾಡಿ, ಮೂರನ್ನೂ ಕೂಡಿಸಿ ಎಡಕ್ಕೆ ಹೊಸೆದರೆ ಬಿಚ್ಚಿಕೊಳ್ಳದು. ಮೇಲೆ ಜೇನುಮೇಣವನ್ನು ತಿಕ್ಕಬೇಕು. ನೈಲಾನು ಇದಕ್ಕಿಂತ ಬಲವುಳ್ಳದ್ದೇ ಸರಿ. ಆದರೆ ಹರಿದು ನೀರಿನಲ್ಲುಳಿದರೆ ನೂಲಿನಂತೆ ಕೊಳೆಯದೆ ಬಹುಕಾಲ ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುವುದು. ಜೋಳದ ಒಣದಂಟಿನ ಸಿಪ್ಪೆ ಸುಲಿದರೆ ಒಳಗಿನ ತಿರುಳೇ ತೇಲುವ ಬೆಂಡು. ಅದಕ್ಕೂ ಮೇಣ ಸವರದಿದ್ದರೆ ನೀರು ಕುಡಿದು ಮುಳುಗುವುದು. ಕೋಲಿಗೆ ನೆರಳಿನಲ್ಲಿ ಒಣಗಿಸಿದ ಎಂಟು ಹತ್ತು ಅಡಿಯ ಸಣ್ಣ ಬಿದಿರು ಸಾಕು. ದಾರವನ್ನು ತುದಿಯಲ್ಲಿ ಮಾತ್ರವಲ್ಲದೆ ಒಂದು ಮೊಳ ಕೆಳಗೂ ಕಟ್ಟಬೇಕು. ತುದಿ ಮುರಿದರೂ ಮೀನು ಉಳಿಯುವುದು.

ಎರೆಹುಳುವನ್ನು ಮುಟ್ಟಲು ಹೇಸುವವರು ರಾಗಿಹಿಟ್ಟಿನ ಗಟ್ಟಿ ಉಂಡೆಯನ್ನು ಸಿಕ್ಕಿಸಬಹುದು. ಗೆಂಡೆಮೀನು ಅದಕ್ಕೆ ಬರುವುದು. ಮೊದಲ ಮಳೆಗೆ ಮೊಟ್ಟೆಯಿಡಲು ಹತ್ತುಮೀನುಗಳು ಏರಿಬರುವಾಗ ಗಾಳವನ್ನು ಅಟ್ಟದ ಮೇಲಿಡುವುದು ಲೇಸು. ಆ ಕಾಲದಲ್ಲಿ ಹೊಳೆಯ ದಂಡೆಯೂ ನಂಬತಕ್ಕದ್ದಲ್ಲ. ಮನೆಗೆ ಮರಳುವಾಗ ಕೊಕ್ಕೆಯ ಮೊನೆಯನ್ನು ಬೆಂಡಿಗೆ ಚುಚ್ಚಿ, ಒಯ್ದ ಕೊಕ್ಕೆಗಳೆಷ್ಟು, ತಂದವೆಷ್ಟು ಎಂದು ಎಣಿಸಿಕೊಳ್ಳಬೇಕು. ನಾಳೆ ಅದೇ ದಂಡೆಯಲ್ಲಿ ಬರಿಗಾಲಿನ ಮಕ್ಕಳು ಓಡಾಡುವರು.