ಓಟ ನಿಧಾನವಾಯಿತೇ? ಮಗಳು ಬೆಳೆಯುತ್ತಿದ್ದಾಳೆ

ಕಳೆದ ವರ್ಷ ತಾಲ್ಲೂಕು ಕ್ರೀಡಾಕೂಟದಲ್ಲಿ ಎಲ್ಲರಿಗಿಂತ ಮುಂದೆ ಓಡಿದ ಹುಡುಗಿ ಈ ವರ್ಷ ನಾಲ್ಕನೆಯವಳಾಗಿ ಬರುತ್ತಾಳೆ. ರಾಯಚೂರು ನಗರವಿರಲಿ, ದೇವದುರ್ಗ, ಮಾನ್ವಿ ಇರಲಿ, ಆಗ ಮನೆಯಲ್ಲಿ ಏಳುವ ಮಾತು ನಮಗೆಲ್ಲ ಗೊತ್ತು: "ದೊಡ್ಡವಳಾದಳು, ಇನ್ನು ಆಟ ಸಾಕು." ತಾಯಂದಿರೇ, ಆಟ ಬಿಡಿಸಲು ಇದು ಕಾರಣವಲ್ಲ.

ದೇಹದಲ್ಲಿ ಆಗುವುದೇನು?

ಹೆಣ್ಣುಮಕ್ಕಳು ಸಾಮಾನ್ಯವಾಗಿ 11-12ನೇ ವಯಸ್ಸಿನಲ್ಲಿ ಅತಿ ವೇಗವಾಗಿ ಎತ್ತರವಾಗುತ್ತಾರೆ. ಸುಮಾರು ಒಂದು ವರ್ಷದ ಬಳಿಕ ಮುಟ್ಟು ಆರಂಭವಾಗುತ್ತದೆ. ಕಾಲು ಉದ್ದವಾಗುತ್ತದೆ, ಸೊಂಟ ಅಗಲವಾಗುತ್ತದೆ, ಕೊಬ್ಬಿನಂಶ ಹೆಚ್ಚುತ್ತದೆ. ಇದು ಸಹಜ ಬೆಳವಣಿಗೆ. ಹೊಸ ಎತ್ತರ, ಹೊಸ ತೂಕಕ್ಕೆ ಸ್ನಾಯುಗಳು ಹೊಂದಿಕೊಳ್ಳುವವರೆಗೆ ಓಟ ನಿಧಾನವಾಗಬಹುದು, ಮೊಣಕಾಲು ನೋಯಬಹುದು. ಒಂದೇ ವಯಸ್ಸಿನ ಇಬ್ಬರಲ್ಲಿ ಒಬ್ಬಳು ಬೇಗ, ಇನ್ನೊಬ್ಬಳು ತಡವಾಗಿ ಬೆಳೆಯುತ್ತಾಳೆ. 14ರಲ್ಲಿ ಸೋತವಳು 17ರಲ್ಲಿ ಗೆಲ್ಲಬಹುದು.

ನೆರೆಯ ತೆಲಂಗಾಣದ ನಿಜಾಮಾಬಾದಿನ ನಿಖತ್ ಝರೀನ್ 2011ರಲ್ಲಿ, 14ನೇ ವಯಸ್ಸಿಗೇ ಬಾಕ್ಸಿಂಗ್‌ನಲ್ಲಿ ಜೂನಿಯರ್ ವಿಶ್ವ ಚಾಂಪಿಯನ್ ಆದರು. ಹಿರಿಯರ ವಿಶ್ವ ಪ್ರಶಸ್ತಿ ಕೈಗೆ ಬಂದದ್ದು 2022ರಲ್ಲಿ. ನಡುವೆ ಭುಜಕ್ಕೆ ಪೆಟ್ಟಾಗಿ ಆಟದಿಂದ ದೂರ ಉಳಿದದ್ದೂ ಉಂಟು.

ಗಮನಿಸಬೇಕಾದದ್ದು

ರಕ್ತ: ಬೇಗ ಸುಸ್ತಾದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15-19 ವಯಸ್ಸಿನ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ಇದು ಇದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆ ತಪ್ಪಿಸಬೇಡಿ.

ಊಟ: ತೂಕ ಹೆಚ್ಚೀತೆಂದು ಊಟ ಕಡಿಮೆ ಮಾಡಿಸಬೇಡಿ. ಜೋಳದ ರೊಟ್ಟಿ, ಬೇಳೆ, ಸೊಪ್ಪು, ಮೊಟ್ಟೆ, ಮಾಂಸ, ಶೇಂಗಾ ಕೊಡಿ. ಊಟದ ಜೊತೆ ಚಹಾ ಬೇಡ. ಅದು ಕಬ್ಬಿಣಾಂಶವನ್ನು ದೇಹ ಹೀರದಂತೆ ತಡೆಯುತ್ತದೆ. ನಿಂಬೆರಸ ಒಳ್ಳೆಯದು.

ಮುಟ್ಟು: ಆ ದಿನಗಳಲ್ಲೂ ನೋವಿಲ್ಲದಿದ್ದರೆ ಆಡಬಹುದು. ಪ್ಯಾಡನ್ನು 4-6 ಗಂಟೆಗೊಮ್ಮೆ ಬದಲಿಸಲಿ. ಬಟ್ಟೆಯಾದರೆ ಸೋಪಿನಿಂದ ತೊಳೆದು ಬಿಸಿಲಿಗೆ ಒಣಗಿಸಲಿ. 15 ತುಂಬಿದರೂ ಮುಟ್ಟಾಗದಿದ್ದರೆ, ಅಥವಾ ಆರಂಭವಾದದ್ದು ಮೂರು ತಿಂಗಳು ನಿಂತರೆ ತಾಲ್ಲೂಕು ಆಸ್ಪತ್ರೆಗೆ ಇಲ್ಲವೇ ರಾಯಚೂರಿನ ರಿಮ್ಸ್‌ಗೆ ಕರೆದೊಯ್ಯಿರಿ. ಆಟಕ್ಕೆ ತಕ್ಕ ಊಟವಿಲ್ಲದಿದ್ದರೂ ಹೀಗಾಗುತ್ತದೆ, ಮೂಳೆ ಸವೆಯುತ್ತದೆ.

ಅಭ್ಯಾಸ: ನಮ್ಮ ಬೇಸಿಗೆಯಲ್ಲಿ ಬೆಳಗಿನ ತಂಪು ಹೊತ್ತೇ ಸರಿ. ರಮಝಾನ್‌ನಲ್ಲಿ ಇಫ್ತಾರ್ ನಂತರ ಹಗುರ ಅಭ್ಯಾಸ ಸಾಕು. ವಾರಕ್ಕೆ ಒಂದು ದಿನವಾದರೂ ವಿಶ್ರಾಂತಿ ಇರಲಿ.

ಮೂರು ತಿಂಗಳಿಗೊಮ್ಮೆ ಮಗಳ ಎತ್ತರವನ್ನು ಗೋಡೆಯ ಮೇಲೆ ಗುರುತು ಹಾಕಿ. ಅದು ಬೇಗ ಏರುತ್ತಿದ್ದರೆ ಜಿಗಿತದ ಅಭ್ಯಾಸ ಕಡಿಮೆ ಮಾಡಿಸುವಂತೆ ಪಿ.ಟಿ. ಶಿಕ್ಷಕರಿಗೆ ತಿಳಿಸಿ. ಮುಂದಿನ ವರ್ಷವೂ ಅವಳ ಹೆಸರು ಕ್ರೀಡಾಕೂಟದ ಪಟ್ಟಿಯಲ್ಲಿ ಇರಲಿ.