ಹಿತ್ತಲಿನ ಆಸರೆಗೋಲುಗಳಿಗೆ ಯಾವ ಲೇಪ?

ಟೊಮೇಟೊ, ಹೀರೆ, ಹಾಗಲ, ಬೀನ್ಸ್ ಮುಂತಾದವುಗಳಿಗೆ ಆಸರೆಯಾಗಿ ನೆಡುವ ಕೋಲುಗಳು ಎರಡು ಮಳೆಗಾಲ ಕಂಡರೆ ಹೆಚ್ಚು. ಬಿದಿರಿನ ಗಳವಾಗಲಿ, ಸರ್ವೆ ಅಥವಾ ನೀಲಗಿರಿಯ ಕೋಲಾಗಲಿ, ಕಾಯಿ ತುಂಬಿ ಭಾರವಾದ ಹೊತ್ತಿನಲ್ಲಿಯೇ ಬುಡ ಮುರಿದು ಬೀಳುವುದುಂಟು. ಇದಕ್ಕೆ ಅಂಜಿ ಕೆಲವರು ಬುಡಕ್ಕೆ ಡಾಂಬರನ್ನೋ ಗ್ಯಾರೇಜಿನಿಂದ ತಂದ ಹಳೆಯ ಎಂಜಿನ್ ಎಣ್ಣೆಯನ್ನೋ ಬಳಿಯುತ್ತಾರೆ. ಮಕ್ಕಳು ಹಸಿಯಾಗಿಯೇ ಕಿತ್ತು ತಿನ್ನುವ ಕಾಯಿಯ ಬುಡದಲ್ಲಿ ಇಂತಹ ವಸ್ತು ಇರಲೇಬಾರದು. ಎಂಜಿನ್ನಿನಲ್ಲಿ ಕಾದು ಕಪ್ಪಾದ ಎಣ್ಣೆಯಲ್ಲಿ ಲೋಹಗಳ ಅಂಶವೂ ಕ್ಯಾನ್ಸರ್‌ಕಾರಕವೆನಿಸಿದ ಸಂಯುಕ್ತಗಳೂ ಸೇರಿರುತ್ತವೆ. ಅವು ಮಣ್ಣಿನಲ್ಲಿ ಬಹುಕಾಲ ಉಳಿಯುತ್ತವೆ.

ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಲವಣಗಳನ್ನು ಒತ್ತಡದಿಂದ ತುಂಬಿಸಿದ ಹಸಿರು ಛಾಯೆಯ ಮರವಂತೂ ಇನ್ನೂ ಅಪಾಯಕರ. ಅದರಿಂದ ಆರ್ಸೆನಿಕ್ ಮೆಲ್ಲಮೆಲ್ಲನೆ ಮಣ್ಣಿಗಿಳಿಯುತ್ತದೆ. ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ ಈ ಸಂಸ್ಕರಣೆ ಮಾಡುವುದನ್ನು 2003ರ ಅಂತ್ಯಕ್ಕೆ ಬಹುಮಟ್ಟಿಗೆ ಕೈಬಿಡಲಾಯಿತು. ಇಂತಹ ಮರದ ತುಂಡುಗಳನ್ನು ಒಲೆಗೆ ಹಾಕುವುದೂ ಕೂಡದು. ಹೊಗೆ, ಬೂದಿ ಎರಡರಲ್ಲೂ ಆ ವಿಷವೇ ಇರುತ್ತದೆ.

ಹಾಗಾದರೆ ಕೋಲು ಕೊಳೆಯುವುದಾದರೂ ಎಲ್ಲಿ? ಕೊಳೆತ ಕೋಲನ್ನು ಕಿತ್ತು ನೋಡಿದರೆ ತಿಳಿಯುತ್ತದೆ. ಮಣ್ಣಿನ ಆಳದಲ್ಲಿ ಗಾಳಿ ಕಡಿಮೆ, ಮೇಲೆ ತೇವ ಕಡಿಮೆ. ಇವೆರಡೂ ಕೂಡುವುದು ನೆಲಮಟ್ಟದಲ್ಲಿ. ಶಿಲೀಂಧ್ರಕ್ಕೆ ಬೇಕಾದದ್ದೂ ಅದೇ. ಮರದ ತೇವಾಂಶ ಶೇಕಡಾ 20ಕ್ಕಿಂತ ಕೆಳಗಿದ್ದರೆ ಅದು ಬೆಳೆಯಲಾರದು. ಆದ್ದರಿಂದ ತುದಿಯಿಂದ ಹಿಡಿದು ನೆಲಕ್ಕಿಂತ ಒಂದು ಗೇಣು ಮೇಲಿನವರೆಗೆ ಲೇಪ ಮಾಡಿದರೆ ಸಾಕು.

ಆ ಲೇಪಕ್ಕೆ ನಮ್ಮ ಉತ್ತರ ಕರ್ನಾಟಕದ ಮನೆಗಳಿಗೆ ಪರಿಚಿತವಾದ ಅಗಸೆ ಎಣ್ಣೆಯೇ ಸೂಕ್ತ. (ಎಲೆಬಳ್ಳಿಗೆ ಆಸರೆಯಾಗುವ ಅಗಸೆ ಮರ ಬೇರೆ, ಇದು ಚಟ್ನಿಪುಡಿಯ ಅಗಸೆ.) ಗಾಳಿಗೆ ಒಣಗಿ ಗಟ್ಟಿಯಾಗುವ ಗುಣ ಇದಕ್ಕಿದೆ. ಹೊಂಗೆ, ಬೇವಿನ ಎಣ್ಣೆಗಳಿಗೆ ಆ ಗುಣವಿಲ್ಲ. ಅವು ಅಂಟಂಟಾಗಿಯೇ ಉಳಿಯುತ್ತವೆ. ಬಣ್ಣದಂಗಡಿಯಲ್ಲಿ ಸಿಗುವ, ಬೇಗ ಒಣಗಲೆಂದು ಲೋಹದ ಲವಣ ಬೆರೆಸಿದ ಎಣ್ಣೆಯನ್ನು ಕೊಳ್ಳದೆ, ಗಾಣದ ಶುದ್ಧ ಎಣ್ಣೆಯನ್ನೇ ತರಬೇಕು. ಚೆನ್ನಾಗಿ ಒಣಗಿದ ಕೋಲಿನ ತುದಿಯನ್ನು ಎಣ್ಣೆಯ ಡಬ್ಬಿಯಲ್ಲಿ ಒಂದು ದಿನ ನಿಲ್ಲಿಸಿ, ಮೇಲ್ಭಾಗಕ್ಕೆ ಬಟ್ಟೆಯಿಂದ ತೆಳುವಾಗಿ ತಿಕ್ಕಿ, ಹೀರದೆ ಉಳಿದುದನ್ನು ಒರೆಸಬೇಕು. ಒಣಗಲು ವಾರಗಳೇ ಬೇಕು. ಬಿತ್ತನೆಯ ಹೊತ್ತಿಗೆ ಆರಂಭಿಸಿದರೆ ಪ್ರಯೋಜನವಿಲ್ಲ.

ಇಲ್ಲೊಂದು ಎಚ್ಚರಿಕೆ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ. ಎಣ್ಣೆಯಾದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆಸೆದರೆ ಆ ಬಿಸಿ ಹೊರಹೋಗಲಾರದೆ, ಕಿಡಿಯ ಸೋಂಕಿಲ್ಲದೆಯೇ ಬೆಂಕಿ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಬಯಲಿನಲ್ಲಿ ಹರವಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ಮುಳುಗಿಸಿಡಬೇಕು.

ಅಗಸೆ ಎಣ್ಣೆ ನೀರನ್ನು ತಡೆದೀತು, ಗೆದ್ದಲನ್ನು ತಡೆಯದು. ಬೋರಾಕ್ಸ್ ದ್ರಾವಣ ಹುಳುವಿಗೆ ಒಳ್ಳೆಯ ಮದ್ದಾದರೂ ಮಳೆಗೆ ತೊಳೆದು ಮಣ್ಣು ಸೇರುತ್ತದೆ. ಬೋರಾನ್ ತುಸು ಹೆಚ್ಚಾದರೂ ಎಲೆಯಂಚು ಸುಡುತ್ತದೆ. ಬುಡವನ್ನು ಬೆಂಕಿಯಲ್ಲಿ ಕರಿಕುಮಾಡುವ ಹಳೆಯ ಪದ್ಧತಿ ನಿರಪಾಯಕರವೇನೋ ಹೌದು, ಆದರೆ ಕರಿಕಿನ ಬಿರುಕಿನಲ್ಲಿ ನೀರಿಳಿಯುವುದರಿಂದ ಅದೊಂದನ್ನೇ ನಂಬಲಾಗದು.

ಲೇಪಕ್ಕಿಂತ ಮರದ ಆಯ್ಕೆಯೇ ಮುಖ್ಯವೆಂದು ನನ್ನ ಅಭಿಪ್ರಾಯ. ತೇಗದ ಅಥವಾ ಜಾಲಿಯ ಚೇಗು ಲೇಪವಿಲ್ಲದೆಯೂ ಬಾಳುತ್ತದೆ. ಬಿದಿರಾದರೆ ಮೂರು ವರ್ಷ ಬಲಿತದ್ದನ್ನು ಮಳೆಗಾಲ ಕಳೆದ ಮೇಲೆ ಕಡಿದು, ಕೆಲವು ವಾರ ಹರಿಯುವ ನೀರಿನಲ್ಲಿ ಮುಳುಗಿಸಿಟ್ಟು ನೆರಳಿನಲ್ಲಿ ಒಣಗಿಸಬೇಕು. ಅದರೊಳಗಿನ ಪಿಷ್ಟ ಕರಗಿ ಹೋದರೆ ಕೊರೆಯುವ ಹುಳುವಿಗೆ ಆಹಾರವೇ ಇಲ್ಲ.

ಬೆಳೆ ಮುಗಿದೊಡನೆ ಕೋಲುಗಳನ್ನು ಕಿತ್ತು, ಮಣ್ಣು ತಿಕ್ಕಿ ತೊಳೆದು, ಬಿಸಿಲಿಗೆ ಒಣಗಿಸಿ, ಸೂರಿನಡಿ ನೆಲಕ್ಕೆ ತಾಗದಂತೆ ಇಡಿ. ರೋಗ ಬಿದ್ದ ಟೊಮೇಟೊ ಗಿಡದ ಕೋಲನ್ನು ಮರುವರ್ಷ ಬದನೆ, ಟೊಮೇಟೊಗಳಿಗೆ ಬಳಸದೆ ಬೀನ್ಸಿಗೆ ಬಳಸಿರಿ. ಗೆದ್ದಲು ವಿಪರೀತವಾದ ಕಡೆ ಒಂದೂವರೆ ಅಡಿ ಕಬ್ಬಿಣದ ಪೈಪನ್ನು ನೆಲದಲ್ಲಿ ಹುಗಿದು, ಕೋಲಿನ ಬುಡವನ್ನು ನೆಲದಿಂದ ನಾಲ್ಕು ಬೆರಳು ಎತ್ತರದಲ್ಲಿ ಅದಕ್ಕೆ ಬಿಗಿದರಾಯಿತು.