ಪೂರ್ವಗ್ರಹವೂ ಜೊತೆಗಾರಿಕೆಯೂ: ಕೆಲವು ಚಲಚ್ಚಿತ್ರಗಳ ವಿಚಾರ

ಈಗ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು, “ಟೀಚರೇ, ಮಾಯಾಮಂತ್ರವೂ ಗುಂಡಿನ ಕಾಳಗವೂ ತುಂಬಿದ ಚಿತ್ರಗಳಿಂದ ಏನು ಪ್ರಯೋಜನ?” ಎಂದು ಕೇಳಿರುವರು. ಪ್ರಶ್ನೆಯು ಯೋಗ್ಯವಾದುದೇ. ಆದರೆ ಇವುಗಳಲ್ಲಿ ಕೆಲವು ಮನುಷ್ಯನ ಹಳೆಯ ರೋಗವೊಂದನ್ನು ಕಲ್ಪನೆಯ ವೇಷದಲ್ಲಿ ತೋರಿಸುತ್ತವೆ. ಆ ರೋಗವೇ ಪೂರ್ವಗ್ರಹ. ಅಂದರೆ ಒಬ್ಬರನ್ನು ಅರಿಯುವುದಕ್ಕೆ ಮುಂಚೆಯೇ ಅವರ ವಿಷಯದಲ್ಲಿ ತೀರ್ಪು ಕೊಡುವುದು.

1988ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಏಲಿಯನ್ ನೇಷನ್’ ಎಂಬ ಚಿತ್ರದಲ್ಲಿ, ಅನ್ಯಲೋಕದಿಂದ ಬಂದ ಗುಲಾಮ ಜನಾಂಗವೊಂದು ಲಾಸ್ ಏಂಜಲೀಸ್ ನಗರದಲ್ಲಿ ನೆಲಸಿರುತ್ತದೆ. ಅವರಲ್ಲಿ ಕೆಲವರು ತನ್ನ ಜೊತೆಗಾರನನ್ನು ಕೊಂದುದರಿಂದ ಕುದಿಯುತ್ತಿದ್ದ ಸೈಕ್ಸ್ ಎಂಬ ಪೋಲೀಸಿನವನು, ಕೊಲೆಗಾರರ ಸುಳಿವಿಗಾಗಿಯೇ ಆ ಜನಾಂಗದ ಅಧಿಕಾರಿಯೊಬ್ಬನನ್ನು ಜೊತೆಗೆ ಸೇರಿಸಿಕೊಳ್ಳುತ್ತಾನೆ. ಸಮುದ್ರದ ನೀರು ಆ ಜನರ ಮೈಯನ್ನು ಆಮ್ಲದಂತೆ ಸುಡುವುದು. ಆದರೂ ಕಡೆಯಲ್ಲಿ ಆ ಅಧಿಕಾರಿಯು ಸೈಕ್ಸನನ್ನು ಉಳಿಸಲು ಅದೇ ನೀರಿಗೆ ಕೈಯಿಕ್ಕುತ್ತಾನೆ. ಸ್ವಾರ್ಥದಿಂದ ಮೊದಲಾದ ಜೊತೆಯು ಹೀಗೆ ಸ್ನೇಹವಾಗುತ್ತದೆ.

2017ರಲ್ಲಿ ಬಂದ ಡೇವಿಡ್ ಏಯರ್ ಅವರ ‘ಬ್ರೈಟ್’ ಚಿತ್ರದ ಕಥೆಯೂ ಅದೇ ನಗರದ್ದು. ಅಲ್ಲಿ ಎಲ್ಫರು ಸಿರಿವಂತರು, ಓರ್ಕರು ಕೀಳೆನಿಸಿಕೊಂಡವರು. ದೇಶದ ಮೊದಲನೆಯ ಓರ್ಕ್ ಪೋಲೀಸನಾದ ಜಾಕೊಬಿಯನ್ನು ಸಹೋದ್ಯೋಗಿಗಳು ನಂಬರು, ಸ್ವಜನರೂ ಹೀಯಾಳಿಸುವರು. ತನ್ನ ಜೊತೆಗಾರ ವಾರ್ಡನಿಗೆ ಗುಂಡಿಟ್ಟ ಓರ್ಕನನ್ನು ಅವನು ಬೇಕೆಂದೇ ಬಿಟ್ಟನೆಂಬ ಗುಮಾನಿ ಎಲ್ಲರಿಗೂ ಇದೆ. ನಿಜದಲ್ಲಿ ಅವನು ಬಿಟ್ಟುದು, ತಪ್ಪಾಗಿ ಸಿಕ್ಕಿಬಿದ್ದ ನಿರಪರಾಧಿ ಹುಡುಗನೊಬ್ಬನನ್ನು!

ಈ ಚಿತ್ರದಲ್ಲಿ ಒಂದು ದೋಷವುಂಟು. ಎರಡು ಸಾವಿರ ವರ್ಷಗಳ ಹಿಂದೆ ಓರ್ಕರ ಪೂರ್ವಿಕರು ದುಷ್ಟನೊಬ್ಬನ ಪಕ್ಷ ವಹಿಸಿದ್ದರೆಂದು ಹೇಳಿ, ತಿರಸ್ಕಾರಕ್ಕೆ ಕಾರಣವೊಂದನ್ನು ಒದಗಿಸಿದ್ದಾರೆ. ಲೋಕದಲ್ಲಿಯೂ ತಿರಸ್ಕರಿಸುವವರು ಇಂತಹ ಹಳೆಯ ಕಥೆಯನ್ನೇ ಹೇಳುವರು. ಅದು ದಿಟವೇ ಆಗಿದ್ದರೂ ಅಜ್ಜನ ತಪ್ಪಿಗೆ ಮೊಮ್ಮಗನು ಹೊಣೆಯಾದಾನೆ? ಹೊಡೆದಾಟವೂ ಬೈಗುಳವೂ ವಿಪರೀತವಾದುದರಿಂದ ಈ ಚಿತ್ರವು ಮಕ್ಕಳಿಗೆ ತಕ್ಕುದಲ್ಲ.

ಮಕ್ಕಳೊಡನೆ ನೋಡತಕ್ಕದ್ದು 2016ರ ‘ಜೂಟೋಪಿಯಾ’. ಜೂಡಿ ಎಂಬ ಮೊಲವು ಪೋಲೀಸು ಕೆಲಸಕ್ಕೆ ಸೇರಿ, ನಿಕ್ ಎಂಬ ನರಿಯೊಡನೆ ಅಪರಾಧವೊಂದನ್ನು ಶೋಧಿಸುತ್ತದೆ. ತಾನೇ ಅವಹೇಳನವನ್ನು ಉಂಡ ಜೂಡಿಯು, ಪತ್ರಕರ್ತರ ಮುಂದೆ ಮಾಂಸಾಹಾರಿ ಪ್ರಾಣಿಗಳ ಹುಟ್ಟುಗುಣವನ್ನು ಕುರಿತು ಆಡಿದ ಮಾತಿನಿಂದ ನಿಕ್‌ನನ್ನು ನೋಯಿಸುತ್ತದೆ. ಬಳಿಕ ಕಣ್ಣೀರಿಟ್ಟು ಕ್ಷಮೆ ಬೇಡುತ್ತದೆ. ಒಳ್ಳೆಯ ಮನಸ್ಸಿನವರಲ್ಲಿಯೂ ಪೂರ್ವಗ್ರಹ ಅಡಗಿರಬಲ್ಲುದೆಂಬುದೇ ಇಲ್ಲಿನ ಪಾಠ.

ಪ್ರಿಯ ತಾಯ್ತಂದೆಗಳೇ, ಚಿತ್ರ ಮುಗಿದ ಮೇಲೆ ಯಾರು ಗೆದ್ದರೆಂದು ಮಕ್ಕಳನ್ನು ಕೇಳಬೇಡಿರಿ. “ನಿನ್ನ ತರಗತಿಯಲ್ಲಿ ಒಬ್ಬಳೇ ಕುಳಿತು ಊಟಮಾಡುವ ಹುಡುಗಿ ಯಾರು? ನಾಳೆ ಅವಳ ಬಳಿ ಕುಳಿತುಕೊಳ್ಳುವೆಯಾ?” ಎಂದು ಕೇಳಿರಿ.